ಫ್ಯಾಮಿಲಿ ಆ ಕಡೆ ಐತ್ರಿ

ಕನ್ನಡಕ್ಕೆ ಬಂದ ಮೇಲೆ ‘ಫ್ಯಾಮಿಲಿ’ ಅನ್ನುವ ಪದಕ್ಕೆ ಇಂಗ್ಲಿಷಿನಲ್ಲಿ ಇಲ್ಲದ ಒಂದೆರಡು ಅರ್ಥಗಳು ಹುಟ್ಟಿಕೊಂಡಿವೆ. ‘ಫ್ಯಾಮಿಲಿ ಊರಿಗೆ ಹೋಗ್ಯಾರ’ ಎಂದು ಒಬ್ಬ ಗಂಡಸು ಹೇಳಿದರೆ ಅವನ ಹೆಂಡತಿ ತವರಿಗೆ ಹೋಗಿದ್ದಾಳೆ ಎಂದು ಅರ್ಥ. ಹೋಟೆಲಿನ ಗೋಡೆಯ ಮೇಲೆ ‘ಫ್ಯಾಮಿಲಿ ರೂಮ್’ ಎಂದು ಬರೆದು ಬಾಣದ ಗುರುತು ಹಾಕಿದ್ದರೆ ಹೆಂಗಸರು, ಮಕ್ಕಳು ಒಳಗೆ ಹೋಗಿ ಕೂರಬೇಕು ಎಂದು ಅರ್ಥ. ಹೆದ್ದಾರಿಯ ಬದಿಯಲ್ಲಿ ‘ಫ್ಯಾಮಿಲಿ ರೆಸ್ಟೋರೆಂಟ್’ ಎಂಬ ಬೋರ್ಡು ಕಂಡರೆ ಅಲ್ಲಿ ಕುಡಿಯುವವರ ಗಲಾಟೆ ಇಲ್ಲ, ಇದ್ದರೂ ನಿಮ್ಮ ಕಣ್ಣಿಗೆ ಬೀಳುವುದಿಲ್ಲ ಎಂದು ಅರ್ಥ. ಮೂರೂ ಕಡೆ ಗಂಡಸು ಫ್ಯಾಮಿಲಿಯನ್ನು ಕರೆದುಕೊಂಡು ಬರುವವನು, ಊರಿಗೆ ಕಳಿಸುವವನು, ಬಿಲ್ಲು ಕೊಡುವವನು. ಅವನೇ ಫ್ಯಾಮಿಲಿ ಅಲ್ಲ. ಹಾಗೆಯೇ ಅವನಿಲ್ಲದೆ ಫ್ಯಾಮಿಲಿಯೂ ಇಲ್ಲ.

ಈ ಪದದ ಬಗ್ಗೆ ನಾನು ಇಷ್ಟೊಂದು ತಲೆ ಕೆಡಿಸಿಕೊಂಡಿದ್ದು ಯಾವ ಸೆಮಿನಾರಿಗಾಗಿಯೂ ಅಲ್ಲ. ಮನೆಯಲ್ಲಿ ನಾವೀಗ ನಾಲ್ಕು ಜನ ಇದ್ದೇವೆ: ಅವ್ವ, ಅಕ್ಕ, ಅಕ್ಕನ ಏಳು ವರ್ಷದ ಮಗಳು ಪುಟ್ಟಿ, ರಜೆ ಸಿಕ್ಕಾಗಲೆಲ್ಲ ಹಾಸ್ಟೆಲ್ಲಿನಿಂದ ಬಂದು ಸೇರಿಕೊಳ್ಳುವ ನಾನು. ಅಪ್ಪ ತೀರಿಕೊಂಡು ಆರು ವರ್ಷವಾಯಿತು. ಅಕ್ಕ ಗಂಡನ ಮನೆ ಬಿಟ್ಟು ಬಂದು ಎರಡು ವರ್ಷವಾಯಿತು. ಈ ನಾಲ್ಕು ಜನ ಒಟ್ಟಿಗೆ ಹೋಗಿ ದೋಸೆ ತಿಂದು ಬರುವುದು ನಮ್ಮ ಮನೆಯಲ್ಲಿ ದೊಡ್ಡ ಪ್ರಶ್ನೆಯಾಗಿ ಕೂತಿತ್ತು.

ನಮ್ಮದು ದಾವಣಗೆರೆ. ದೋಸೆಗೆ ಹೆಸರಾದ ಊರಿನಲ್ಲಿ ದೋಸೆ ತಿನ್ನಲು ಹೋಗುವುದು ಪ್ರಶ್ನೆಯಾಗುವುದೆಂದರೆ ವಿಚಿತ್ರವೇ. ಈ ದೋಸೆಯ ಮೂಲಕ್ಕೆ ಊರಿನವರು ಹೇಳುವ ಕಥೆ ಒಂದಿದೆ. 1928ರ ಸುಮಾರಿಗೆ ಬೆಳಗಾವಿ ಕಡೆಯಿಂದ ಚೆನ್ನಮ್ಮ ಎಂಬ ಹೆಣ್ಣುಮಗಳು ಮಕ್ಕಳನ್ನು ಕಟ್ಟಿಕೊಂಡು ಇಲ್ಲಿಗೆ ಬಂದು, ರಾಗಿ ದೋಸೆ ಹುಯ್ದು ಬೆಣ್ಣೆ ಹಚ್ಚಿ ಮಾರುತ್ತಿದ್ದಳಂತೆ. ಮುಂದೆ ಅವಳ ಮಕ್ಕಳ ಕಾಲಕ್ಕೆ ರಾಗಿ ಹೋಗಿ ಅಕ್ಕಿ ಬಂತಂತೆ. ಇವತ್ತು ಬೆಂಗಳೂರಿನ ಗಲ್ಲಿಗಲ್ಲಿಯಲ್ಲೂ ನಮ್ಮೂರಿನ ಹೆಸರು ಹೊತ್ತ ದೋಸೆ ಹೋಟೆಲುಗಳಿವೆ. ಅವಕ್ಕೆಲ್ಲ ಮೂಲ ಒಬ್ಬ ತಾಯಿ ಮಕ್ಕಳ ಹೊಟ್ಟೆಗಾಗಿ ಹಚ್ಚಿದ ಒಲೆ ಅನ್ನುವ ಈ ಕಥೆಯನ್ನು ಊರಿನ ಗಂಡಸರು ಬಹಳ ಹೆಮ್ಮೆಯಿಂದ ಹೇಳುತ್ತಾರೆ. ಆದರೆ ಅಂಥ ಹೋಟೆಲಿನ ಬೆಂಚಿನ ಮೇಲೆ ಕೂತು ದೋಸೆ ತಿಂದ ಹೆಂಗಸರು ನನ್ನ ಅವ್ವನ ಓರಗೆಯವರಲ್ಲಿ ಎಷ್ಟು ಜನ ಸಿಕ್ಕಾರು?

ಅವ್ವನ ಪಾಲಿಗೆ ಹೋಟೆಲು ಅಂದರೆ ಪಾರ್ಸೆಲ್. ಅಪ್ಪ ಭಾನುವಾರ ಬೆಳಿಗ್ಗೆ ಗೆಳೆಯರ ಜೊತೆ ಹೋಗಿ, ಕಾವಲಿಯ ಮುಂದೆ ಕೂತು ಬಿಸಿಬಿಸಿ ಬೆಣ್ಣೆ ದೋಸೆ ತಿಂದು, ಬರುವಾಗ ಬಾಳೆ ಎಲೆಯಲ್ಲಿ ಇಟ್ಟು ಪೇಪರು ಸುತ್ತಿ ದಾರ ಕಟ್ಟಿದ ಪೊಟ್ಟಣ ತರುತ್ತಿದ್ದರು. ಅದು ಮನೆಗೆ ಬರುವಷ್ಟರಲ್ಲಿ ದೋಸೆಯ ಗರಿ ಹೋಗಿ ಮೆತ್ತಗಾಗಿರುತ್ತಿತ್ತು. ಚಳಿಗಾಲವಾದರೆ ಬೆಣ್ಣೆ ಎಲೆಗೆ ಅಂಟಿ ಬಿಳಿ ಪದರವಾಗಿರುತ್ತಿತ್ತು. ಚಟ್ನಿಯ ಪೊಟ್ಟಣ ಒಡೆದು ಪೇಪರಿನ ಮಸಿ ದೋಸೆಗೆ ಹತ್ತಿರುತ್ತಿತ್ತು. ನಾವು ಮೂರೂ ಜನ ಅದನ್ನೇ ಹಬ್ಬದ ಹಾಗೆ ತಿನ್ನುತ್ತಿದ್ದೆವು. ಬೆಣ್ಣೆ ದೋಸೆ ಗರಿಗರಿ ಇರುತ್ತದೆ ಅನ್ನುವುದು ನನಗೆ ಗೊತ್ತಾಗಿದ್ದು ಹೈಸ್ಕೂಲಿಗೆ ಬಂದ ಮೇಲೆ. ಅಪ್ಪ ಕೆಟ್ಟವರಲ್ಲ. ತಾನು ತಿಂದಿದ್ದನ್ನು ಮನೆಯವರೂ ತಿನ್ನಲಿ ಎಂದು ಮರೆಯದೆ ತರುವ ಗಂಡಸರು ಆ ಓಣಿಯಲ್ಲಿ ಎಷ್ಟೋ ಕಡಿಮೆ ಇದ್ದರು. ಆದರೆ ದೋಸೆಯೊಂದನ್ನು ಮನೆಗೆ ತರಬಹುದೇ ಹೊರತು ಕಾವಲಿಯ ಚುಂಯ್ ಸದ್ದು, ಪಕ್ಕದ ಬೆಂಚಿನವರ ರಾಜಕೀಯ, ‘ಇನ್ನೊಂದು ಖಾಲಿ ಹಾಕು’ ಎಂದು ಕೂಗುವ ಸುಖ ಇವನ್ನೆಲ್ಲ ದಾರ ಕಟ್ಟಿ ತರಲಾಗುವುದಿಲ್ಲ.

ಪಾರ್ಸೆಲಿನಿಂದ ಮುಂದಿನ ಮೆಟ್ಟಿಲು ಫ್ಯಾಮಿಲಿ ರೂಮು. ಸಣ್ಣ ಊರುಗಳ ಹಳೆಯ ಹೋಟೆಲುಗಳಲ್ಲಿ ಇದನ್ನು ನೋಡದವರು ಕಡಿಮೆ. ಅಡುಗೆ ಮನೆಗೆ ಹೋಗುವ ದಾರಿಯಲ್ಲಿ, ಕೈತೊಳೆಯುವ ಜಾಗದ ಪಕ್ಕದಲ್ಲಿ, ಮಾಸಿದ ಪರದೆಯೋ ಅರ್ಧ ಬಾಗಿಲೋ ಇರುವ ನಾಲ್ಕು ಕ್ಯಾಬಿನ್ನುಗಳು. ಫ್ಯಾನು ಸದ್ದು ಮಾಡುತ್ತದೆ, ಗಾಳಿ ಬರುವುದಿಲ್ಲ. ಅದನ್ನು ಬರೀ ಬೈದು ಮುಗಿಸುವುದೂ ನ್ಯಾಯವಲ್ಲ. ಹೊರಗಿನ ಹಾಲಿನಲ್ಲಿ ನಲವತ್ತು ಗಂಡಸರ ಕಣ್ಣು ಒಟ್ಟಿಗೆ ತಿರುಗುತ್ತಿದ್ದ ಕಾಲದಲ್ಲಿ ಆ ಪರದೆಯೇ ಎಷ್ಟೋ ಹೆಂಗಸರನ್ನು ಹೋಟೆಲಿನ ಮೆಟ್ಟಿಲು ಹತ್ತಿಸಿತು. ಮಗುವಿಗೆ ಹಾಲು ಕುಡಿಸಲು, ಬಸ್ಸಿನ ಪ್ರಯಾಣದ ನಡುವೆ ಐದು ನಿಮಿಷ ಸೆರಗು ಸಡಿಲಿಸಿ ಕೂರಲು ಇದ್ದ ಜಾಗ ಅದೊಂದೇ. ನಾನೂ ಎಂ.ಎ. ಓದುವಾಗ ಒಬ್ಬಳೇ ಊಟಕ್ಕೆ ಹೋಗಿ, ‘ಒಬ್ರೇನ್ರಿ? ಫ್ಯಾಮಿಲಿ ಆ ಕಡೆ ಐತ್ರಿ’ ಎಂದು ಸಪ್ಲೈಯರ್ ಕೈ ತೋರಿಸಿದ ಕಡೆ ಹೋಗಿ ನೆಮ್ಮದಿಯಿಂದ ಪುಸ್ತಕ ಬಿಡಿಸಿಕೊಂಡು ಕೂತಿದ್ದೇನೆ. ಒಬ್ಬಳೇ ಇದ್ದರೂ ನಾನೊಂದು ಫ್ಯಾಮಿಲಿ ಎಂದು ಆ ದಿನಗಳಲ್ಲಿ ಗೆಳತಿಯರ ಮುಂದೆ ತಮಾಷೆ ಮಾಡುತ್ತಿದ್ದೆ.

ಅಕ್ಕ ಬಂದ ಹೊಸದರಲ್ಲಿ ಪುಟ್ಟಿಯನ್ನು ಕರೆದುಕೊಂಡು ಅಂಥದ್ದೇ ಒಂದು ಹೋಟೆಲಿಗೆ ಹೋಗಿದ್ದೆವು. ನಾಲ್ಕು ಕುರ್ಚಿಯ ಮೇಜು, ನಾವು ಮೂವರು. ಸಪ್ಲೈಯರ್ ನಾಲ್ಕು ಲೋಟ ನೀರು ತಂದಿಟ್ಟ. ಸ್ವಲ್ಪ ಹೊತ್ತು ನಿಂತು, ಅತ್ಯಂತ ಮರ್ಯಾದೆಯಿಂದಲೇ ಕೇಳಿದ: ‘ಸರ್ ಬರೋದು ಐತೇನ್ರಿ? ಬಂದ ಮ್ಯಾಲೆ ಆರ್ಡರ್ ತಗಳ್ಳಾ?’

‘ಇಲ್ಲ, ನಾವಿಷ್ಟೇ. ನೀವು ತಗಳ್ರಿ’ ಅಂದಳು ಅಕ್ಕ.

ಅವನ ತಪ್ಪೇನೂ ಇರಲಿಲ್ಲ. ದಿನಾ ಅಲ್ಲಿ ಹೆಂಗಸರನ್ನು ಒಳಗೆ ಕೂರಿಸಿ ಗಾಡಿ ನಿಲ್ಲಿಸಲು ಹೋಗುವ ಗಂಡಸರನ್ನು ಅವನು ನೋಡುತ್ತಾನೆ. ಆದರೆ ಪುಟ್ಟಿ ಆ ನಾಲ್ಕನೆಯ ಲೋಟವನ್ನು ಊಟ ಮುಗಿಯುವವರೆಗೆ ನೋಡುತ್ತಿದ್ದಳು. ಅಕ್ಕ ಅದನ್ನು ನೋಡಿದಳು. ಮುಂದಿನ ಭಾನುವಾರ ‘ಯಾಕೆ ಸುಮ್ನೆ ಅಲ್ಲಿ ತನಕ, ಪಾರ್ಸೆಲ್ ತರಿಸಿದ್ರಾತು’ ಅಂದಳು. ಅವ್ವ ಆಗಲೇ ‘ಜನ ಏನೇನೋ ಕೇಳ್ತಾರ’ ಎಂದು ಹೊರಗೆ ಬರುವುದನ್ನು ಬಿಟ್ಟಿದ್ದಳು. ಈಗ ದಾರ ಕಟ್ಟಿದ ಪೊಟ್ಟಣದ ಬದಲು ಪ್ಲಾಸ್ಟಿಕ್ ಡಬ್ಬಿ, ಅಪ್ಪನ ಬದಲು ಬ್ಯಾಗು ಹೊತ್ತ ಡೆಲಿವರಿ ಹುಡುಗ. ಅಷ್ಟೇ ವ್ಯತ್ಯಾಸ. ಬ್ಯಾಂಕಿನಲ್ಲಿ ಕೆಲಸ ಮಾಡುವ, ತನ್ನ ದುಡ್ಡಿನಲ್ಲಿ ಮನೆ ನಡೆಸುವ ನನ್ನಕ್ಕ ಅವ್ವನ ಕಾಲದ ಮೆತ್ತಗಿನ ದೋಸೆಗೆ ವಾಪಸಾಗಿದ್ದಳು.

ಆಮೇಲೆ ಹೋಟೆಲುಗಳಲ್ಲಿ ಮಕ್ಕಳಿಗೆ ಏನಿದೆ ಎಂದು ನೋಡುವುದು ನನಗೊಂದು ಚಟವಾಯಿತು. ಮೊದಲು ಕಣ್ಣಿಗೆ ಬಿದ್ದದ್ದು ಒಂದು ಪದ. ಹೋಟೆಲಿನಲ್ಲಿ ಬಡಿಸುವವನನ್ನು ನಾವು ‘ಮಾಣಿ’ ಅನ್ನುತ್ತಿದ್ದೆವು. ಕರಾವಳಿಯ ಕನ್ನಡದಲ್ಲಿ ಮಾಣಿ ಅಂದರೆ ಹುಡುಗ. ಉಡುಪಿ, ಕುಂದಾಪುರದ ಕಡೆಯಿಂದ ಬೆಂಗಳೂರು, ಮದರಾಸು, ಮುಂಬಯಿಗೆ ಹೋದ ಹುಡುಗರು ಲೋಟ ತೊಳೆದು, ಮೇಜು ಒರೆಸಿ, ಬಡಿಸಿ, ಕೆಲವರು ಮುಂದೆ ತಾವೇ ಹೋಟೆಲು ಕಟ್ಟಿದರು. ಮುಂಬಯಿಯಲ್ಲಿ ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಓದುವ ಹುಡುಗರಿಗಾಗಿ ಕನ್ನಡದ ರಾತ್ರಿ ಶಾಲೆಗಳೇ ನಡೆದವು. ಅಂದರೆ ನಮ್ಮ ಹೋಟೆಲುಗಳಲ್ಲಿ ಮಕ್ಕಳು ಮೊದಲಿನಿಂದಲೂ ಇದ್ದರು. ಮೇಜಿನ ಮುಂದೆ ಕೂತಿರಲಿಲ್ಲ, ಮೇಜು ಒರೆಸುತ್ತಿದ್ದರು. ನಾನು ಪುಟ್ಟಿಯಷ್ಟಿದ್ದಾಗ ನನ್ನದೇ ವಯಸ್ಸಿನ ಹುಡುಗ ಒದ್ದೆ ಬಟ್ಟೆ ಹಿಡಿದು ಬಂದು ನನ್ನ ಮುಂದಿನ ಎಂಜಲು ತಟ್ಟೆ ಎತ್ತಿಕೊಂಡು ಹೋಗಿದ್ದು ನನಗೆ ನೆನಪಿದೆ. 1986ರ ಬಾಲಕಾರ್ಮಿಕ ಕಾಯ್ದೆಯ ಪಟ್ಟಿಗೆ ಹೋಟೆಲು, ಢಾಬಾ, ಮನೆಗೆಲಸಗಳು ಸೇರಿದ್ದು 2006ರ ಅಕ್ಟೋಬರಿನಲ್ಲಿ. 2016ರ ತಿದ್ದುಪಡಿಯ ನಂತರ, ಮನೆಯವರ ಕಸುಬಿಗೆ ಶಾಲೆಯ ಹೊತ್ತಿನ ಆಚೆ ನೆರವಾಗುವಂಥ ಒಂದೆರಡು ವಿನಾಯಿತಿ ಬಿಟ್ಟರೆ, 14 ವರ್ಷದೊಳಗಿನ ಮಕ್ಕಳನ್ನು ಯಾವ ಕೆಲಸಕ್ಕೂ ಇಟ್ಟುಕೊಳ್ಳುವಂತಿಲ್ಲ. ಮಕ್ಕಳಿಗೆ ಒಳ್ಳೆಯ ಹೋಟೆಲು ಯಾವುದು ಎಂದು ಕೇಳುವ ಮೊದಲು ಯಾವ ಮಕ್ಕಳಿಗೆ ಎಂದು ಕೇಳಬೇಕಾದ ಕಾಲ ಬಹಳ ಹಿಂದಿನದೇನಲ್ಲ.

ಯಾರು ಎಲ್ಲಿ ಕೂರಬೇಕು ಎಂಬುದು ಹೆಂಗಸರ ಪರದೆಗೆ ಮಾತ್ರ ಸೇರಿದ್ದೂ ಅಲ್ಲ. ಇವತ್ತು ದೇಶವೆಲ್ಲ ಬಲ್ಲ ಬೆಂಗಳೂರಿನ ಎಂಟಿಆರ್ 1924ರಲ್ಲಿ ಶುರುವಾದಾಗ ಅದರ ಹೆಸರು ಬ್ರಾಹ್ಮಣ ಕಾಫಿ ಕ್ಲಬ್. ಹೆಸರಿನಲ್ಲೇ ಜಾತಿ ಇರುವ ಹೋಟೆಲು ಆ ಕಾಲಕ್ಕೆ ಆಶ್ಚರ್ಯದ ಸಂಗತಿ ಆಗಿರಲಿಲ್ಲ. ಯಾರ ಪಕ್ಕದಲ್ಲಿ ಯಾರು ಉಣ್ಣಬಹುದು ಎಂಬ ಲೆಕ್ಕ ಮನೆಯಿಂದ ಹೋಟೆಲಿಗೂ ಬಂದಿತ್ತು. ಬೇರೆ ಪಂಕ್ತಿ, ಬೇರೆ ಲೋಟ, ಬಾಗಿಲ ಹೊರಗೆ ನಿಲ್ಲಿಸಿ ಮೇಲಿಂದ ಸುರಿದು ಕೊಡುವುದು ಎಲ್ಲವೂ ನಡೆದಿದೆ. ಆಮೇಲೆ ಸಂವಿಧಾನ ಬಂತು. ಅದರ 15ನೇ ವಿಧಿಯ ಎರಡನೆಯ ಖಂಡ ಅಂಗಡಿ, ಸಾರ್ವಜನಿಕ ಉಪಾಹಾರ ಗೃಹ, ಹೋಟೆಲುಗಳ ಹೆಸರು ಹೇಳಿ, ಜಾತಿ, ಧರ್ಮ, ಲಿಂಗದ ಕಾರಣಕ್ಕೆ ಯಾರನ್ನೂ ತಡೆಯಬಾರದು ಅನ್ನುತ್ತದೆ. ಅದರ ಮೂರನೆಯ ಖಂಡ ಹೆಂಗಸರು ಮತ್ತು ಮಕ್ಕಳಿಗೆ ಸರ್ಕಾರ ವಿಶೇಷ ಅನುಕೂಲ ಮಾಡಿಕೊಡಬಹುದು ಅನ್ನುತ್ತದೆ. ಹೋಟೆಲು, ಹೆಂಗಸರು, ಮಕ್ಕಳು ಮೂರೂ ಒಂದೇ ವಿಧಿಯಲ್ಲಿ ಅಕ್ಕಪಕ್ಕ ಕೂತಿದ್ದಾರೆ! ನೆಟ್ ಪರೀಕ್ಷೆಗೆ ಈ ವಿಧಿಗಳನ್ನು ಬಾಯಿಪಾಠ ಮಾಡುವಾಗ ಇದು ನನ್ನ ಗಮನಕ್ಕೆ ಬಂದಿರಲಿಲ್ಲ. ಕಾನೂನು ಬಾಗಿಲು ತೆರೆಸಬಲ್ಲದು. ಒಳಗೆ ಹೋದವರನ್ನು ಯಾರೂ ದಿಟ್ಟಿಸದ ಹಾಗೆ ಮಾಡುವುದು ಅದರ ಕೈಯಲ್ಲಿಲ್ಲ.

1980ರ ದಶಕದಲ್ಲಿ ಬೆಂಗಳೂರಿನಲ್ಲಿ ಶುರುವಾದ ದರ್ಶಿನಿಗಳು ಈ ಕೂರುವ ಸಮಸ್ಯೆಯನ್ನೇ ಒಂದು ರೀತಿಯಲ್ಲಿ ಎತ್ತಿ ಹಾಕಿದವು. ಕುರ್ಚಿಯೇ ಇಲ್ಲದ ಮೇಲೆ ಯಾರು ಎಲ್ಲಿ ಕೂರಬೇಕು ಅನ್ನುವ ಮಾತೆಲ್ಲಿ? ಟೋಕನ್ ತಗೊಂಡು ನಿಂತು ತಿಂದು ಹೋಗುವುದು. ಒಬ್ಬಳೇ ಹೋದರೂ ಯಾರೂ ಏನೂ ಕೇಳುವುದಿಲ್ಲ. ನನ್ನಂಥವರ ಪಾಲಿಗೆ ದರ್ಶಿನಿ ದೊಡ್ಡ ಬಿಡುಗಡೆ. ಆದರೆ ಮಗುವಿನ ಜೊತೆ ಹೋಗಿ ನೋಡಿ. ನಿಲ್ಲುವ ಮೇಜು ದೊಡ್ಡವರ ಎದೆಯ ಎತ್ತರಕ್ಕಿರುತ್ತದೆ, ಮಗುವಿನ ತಲೆಯಿಂದಲೂ ಮೇಲೆ. ಪುಟ್ಟಿಗೆ ಅಲ್ಲಿ ಕಾಣುವುದು ಮೇಜಿನ ಅಡಿಭಾಗ, ಜನರ ಪ್ಯಾಂಟಿನ ಜೇಬು. ಕೊನೆಗೆ ನಾವು ಹೊರಗಿನ ಕಟ್ಟೆಯ ಮೇಲೆ ಅವಳನ್ನು ಕೂರಿಸಿ, ತೊಡೆಯ ಮೇಲೆ ತಟ್ಟೆ ಇಟ್ಟು ತಿನ್ನಿಸಿದೆವು.

ಮಕ್ಕಳಿಗೆ ಹೊಂದುವ ಹೋಟೆಲು ಅಂದರೆ ಗೋಡೆಗೆ ಕಾರ್ಟೂನು ಬಳಿದು ಮೂಲೆಯಲ್ಲಿ ಜಾರುಬಂಡಿ ಇಡುವುದು ಎಂದು ಹೊಸ ರೆಸ್ಟೋರೆಂಟುಗಳು ತಿಳಿದಿವೆ. ಪುಟ್ಟಿಯ ಜೊತೆ ಓಡಾಡಿ ನಾನು ಕಂಡುಕೊಂಡದ್ದು ಬೇರೆ. ಕೈತೊಳೆಯುವ ಬೇಸಿನ್ನಿನ ಮುಂದೆ ಒಂದು ಮಣೆ ಇರಬೇಕು. ಶೌಚಾಲಯದ ಚಿಲಕ ಒಳಗಿನಿಂದ ಬೀಳಬೇಕು, ಸಿಕ್ಕಿಹಾಕಿಕೊಳ್ಳಬಾರದು. ಖಾರ ಇಲ್ಲದ್ದು ಏನಿದೆ ಎಂದು ಕೇಳಿದರೆ ಸಿಡುಕಬಾರದು. ಕೇಳದೆಯೇ ಒಂದು ಖಾಲಿ ಪ್ಲೇಟು ತಂದಿಡಬೇಕು. ಇವುಗಳಲ್ಲಿ ಕೆಲವನ್ನು ನಮ್ಮ ಹಳೆಯ ಹೋಟೆಲುಗಳು ಯಾವ ಬೋರ್ಡೂ ಇಲ್ಲದೆ ಮಾಡಿಕೊಂಡು ಬಂದಿವೆ. ‘ಬೈ ಟು’ ಅನ್ನುವ ಪದ್ಧತಿಯನ್ನೇ ನೋಡಿ. ಒಂದು ಕಾಫಿಯನ್ನು ಎರಡು ಲೋಟಕ್ಕೆ, ಒಂದು ದೋಸೆಯನ್ನು ಎರಡು ತಟ್ಟೆಗೆ ಮುಖ ಸಿಂಡರಿಸದೆ ಹಂಚಿ ಕೊಡುವುದು. ಬಿಸಿ ಹಾಲನ್ನು ಬಟ್ಟಲಿಗೂ ಲೋಟಕ್ಕೂ ಎತ್ತಿ ಹುಯ್ದು ಆರಿಸಿ ಮಗುವಿನ ಮುಂದೆ ಇಡುವ ಸಪ್ಲೈಯರುಗಳನ್ನು ನಾನು ನೋಡಿದ್ದೇನೆ. ಅವರಿಗೆ ಇದನ್ನು ಯಾರೂ ತರಬೇತಿ ಕೊಟ್ಟು ಕಲಿಸಿಲ್ಲ.

ಹೋಟೆಲಿಗಿಂತ ಮೊದಲು ಹೆಂಗಸರು ಮಕ್ಕಳಿಗೆ ಸಲೀಸಾಗಿ ಸಿಕ್ಕ ಅಂಗಡಿ ಅಂದರೆ ಬೇಕರಿ. ಹಾಸನದ ಕಡೆಯಿಂದ ಬಂದವರು ಬೆಂಗಳೂರಿನಲ್ಲಿ ಶುರುಮಾಡಿದ ಅಯ್ಯಂಗಾರ್ ಬೇಕರಿಗಳು ಈಗ ಕರ್ನಾಟಕದ ಯಾವ ತಾಲ್ಲೂಕಿಗೆ ಹೋದರೂ ಸಿಗುತ್ತವೆ. ಬೆಣ್ಣೆ ಬಿಸ್ಕತ್ತು, ಖಾರಾ ಬನ್ನು, ದಿಲ್‌ಪಸಂದ್, ಮೇಲೆ ಜಾಮು ಬಳಿದು ಕೊಬ್ಬರಿ ತುರಿ ಉದುರಿಸಿದ ಹನಿ ಕೇಕು. ಮೊಟ್ಟೆ ಹಾಕದ್ದು ಸಿಗುತ್ತದೆ ಅನ್ನುವುದರಿಂದ ನಮ್ಮಂಥ ಮನೆಗಳಿಗೂ ಅದು ನಡೆಯುತ್ತಿತ್ತು. ಅಲ್ಲಿ ಫ್ಯಾಮಿಲಿ ರೂಮಿಲ್ಲ. ಎಲ್ಲರೂ ಫುಟ್‌ಪಾತಿನ ಮೇಲೆ ನಿಂತೇ ಕೊಳ್ಳಬೇಕು. ಮುಖ್ಯವಾಗಿ ಆ ಗಾಜಿನ ಕಪಾಟು ಕೆಳಗಿನವರೆಗೂ ಇರುತ್ತದೆ. ಮಗುವನ್ನು ಯಾರೂ ಎತ್ತಿ ತೋರಿಸಬೇಕಿಲ್ಲ. ಮೂಗನ್ನು ಗಾಜಿಗೆ ಒತ್ತಿ, ಬೆರಳು ಮಾಡಿ ‘ಅದು’ ಅಂದರೆ ಸಾಕು. ಪುಟ್ಟಿಯ ಮಟ್ಟಿಗೆ ಊರಿನಲ್ಲಿ ಅವಳ ಅಳತೆಗೆ ಕಟ್ಟಿದ ಅಂಗಡಿ ಅದೊಂದೇ.

ಹೋದ ಬೇಸಿಗೆ ರಜೆಯಲ್ಲಿ, ಹೊರಗೆ ಹೋಗುವುದು ಪೂರಾ ನಿಂತುಹೋದ ಮೇಲೆ, ಅವಳು ಆ ಗಾಜಿನ ಕಡೆ ಬೆರಳು ಮಾಡಿ ಕೇಳಿದಳು: ‘ಚಿಕ್ಕಿ, ಇದನ್ನ ನಾವ್ ಮಾಡಾಕ ಬರಲ್ಲೇನು?’

ಮನೆಯಲ್ಲಿ ಓವನ್ ಇಲ್ಲ. ಓವನ್ ಇಲ್ಲದ ಮನೆಗಳ ಓವನ್ ಅಂದರೆ ಹಳೆಯ ಕುಕ್ಕರು. ಗ್ಯಾಸ್ಕೆಟ್ ಮತ್ತು ವಿಶಲ್ ತೆಗೆದು, ತಳಕ್ಕೆ ಎರಡು ಲೋಟ ಕಲ್ಲುಪ್ಪು ಹರಡಿ, ಅದರ ಮೇಲೆ ಒಂದು ಸ್ಟ್ಯಾಂಡು ಇಟ್ಟು, ಹತ್ತು ನಿಮಿಷ ಕಾಯಿಸಬೇಕು. ಉಪ್ಪು ಬೆಂಕಿಯ ಕಾವನ್ನು ಹಿಡಿದಿಟ್ಟುಕೊಂಡು ಸುತ್ತಲೂ ಸಮವಾಗಿ ಕೊಡುತ್ತದೆ. ಮಂಡಕ್ಕಿ ಭಟ್ಟಿಯವರು ಮರಳು ಕಾಯಿಸುವುದೂ ಹೆಚ್ಚುಕಡಿಮೆ ಇದೇ ಕಾರಣಕ್ಕೆ. ನಮ್ಮೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಂದೂವರೆ ಲೋಟ ಮೈದಾ, ಒಂದು ಲೋಟ ಮೊಸರು, ಮುಕ್ಕಾಲು ಲೋಟ ಸಕ್ಕರೆ, ಅರ್ಧ ಲೋಟ ಎಣ್ಣೆ. ಮೊಸರಿಗೆ ಸಕ್ಕರೆ ಕಲೆಸಿ, ಅರ್ಧ ಚಮಚ ಅಡುಗೆ ಸೋಡಾ, ಒಂದು ಚಮಚದ ಮೇಲಷ್ಟು ಬೇಕಿಂಗ್ ಪೌಡರು ಹಾಕಿ ಐದು ನಿಮಿಷ ಬಿಟ್ಟರೆ ಮೊಸರು ಗುಳ್ಳೆಗುಳ್ಳೆಯಾಗಿ ಉಬ್ಬುತ್ತದೆ. ಮೊಸರಿನ ಹುಳಿ ಸೋಡಾಕ್ಕೆ ತಾಗಿದಾಗ ಏಳುವ ಇಂಗಾಲದ ಡೈಆಕ್ಸೈಡ್ ಅದು. ಪುಟ್ಟಿ ಸ್ಟೂಲಿನ ಮೇಲೆ ನಿಂತು ಅದನ್ನು ನೋಡಿ ಹಾಕಿದ ಕೂಗಿಗೆ ಪೂಜೆ ಮಾಡುತ್ತಿದ್ದ ಅವ್ವ ಎದ್ದು ಬಂದಳು.

ಮಕ್ಕಳ ಕೈ ಹಿಟ್ಟಿಗೆ ಬೀಳುವುದು ನಮ್ಮಲ್ಲಿ ಹೊಸದಲ್ಲ. ರೊಟ್ಟಿ ಬಡಿಯುವಾಗ ಮಗು ಕಾಡಿದರೆ ನಿಂಬೆಹಣ್ಣಿನಷ್ಟು ಹಿಟ್ಟು ಕೊಟ್ಟು ಕೂರಿಸುತ್ತಾರೆ, ಕೊನೆಗೆ ಆ ಮಣ್ಣುಬಣ್ಣದ ಪುಟಾಣಿ ರೊಟ್ಟಿಯನ್ನೂ ಹಂಚಿನ ಮೂಲೆಯಲ್ಲಿ ಬೇಯಿಸಿ ಕೊಡುತ್ತಾರೆ. ಶ್ಯಾವಿಗೆ ಹೊಸೆಯುವಾಗ, ಹಪ್ಪಳ ಒಣಗಿಸಿ ಕಾಗೆ ಕಾಯುವಾಗ ಮಕ್ಕಳಿಗೂ ಕೆಲಸವಿರುತ್ತಿತ್ತು. ಆದರೆ ಅಲ್ಲೆಲ್ಲ ಹದ ಅಜ್ಜಿಯ ಕೈಯಲ್ಲಿ. ಎಷ್ಟು ನೀರು ಎಂದು ಕೇಳಿದರೆ ‘ಹಿಡಿಯೋಷ್ಟು’, ಎಷ್ಟು ಹೊತ್ತು ಅಂದರೆ ‘ಘಮ ಅನ್ನೋ ತನಕ’. ಮಗುವಿಗೆ ಅದು ಅರ್ಥವಾಗಲು ಇಪ್ಪತ್ತು ವರ್ಷ ಬೇಕು. ಕೇಕು ಹಾಗಲ್ಲ. ಅದು ಲೋಟ, ಚಮಚ, ಗಡಿಯಾರದ ಅಡುಗೆ. ಅಂಕಿ ಓದಲು ಬರುವ ಯಾರು ಬೇಕಾದರೂ ಅದರ ಯಜಮಾನರಾಗಬಹುದು. ಎರಡನೇ ಕ್ಲಾಸಿನ ಪುಟ್ಟಿ ನೋಟ್‌ಬುಕ್ಕಿನಲ್ಲಿ ಬರೆದುಕೊಂಡದ್ದನ್ನು ಓದುತ್ತಾ, ಐವತ್ತು ವರ್ಷ ಅಡುಗೆ ಮಾಡಿದ ಅವ್ವನಿಗೆ ‘ಅಜ್ಜಿ, ಅರ್ಧ ಅಂದ್ರ ಅರ್ಧ. ಜಾಸ್ತಿ ಹಾಕಬ್ಯಾಡ’ ಎಂದು ಆರ್ಡರು ಮಾಡುತ್ತಿದ್ದಳು. ಅವ್ವ ಮೈದಾ ಹಿಟ್ಟನ್ನು ಚಪಾತಿಯ ಹಾಗೆ ಮಿದಿಯಲು ಹೋದರೆ ನಾನು ತಡೆದೆ. ಮಿದಿದಷ್ಟೂ ಹಿಟ್ಟಿನಲ್ಲಿ ಜಿಗುಟು ಬೆಳೆದು ಕೇಕು ಗಟ್ಟಿಯಾಗುತ್ತದೆ. ಚಪಾತಿಗೆ ಬೇಕಾದದ್ದು ಇಲ್ಲಿ ಬೇಡ.

ಮೊದಲ ಕೇಕಿನ ನಡು ಕುಸಿಯಿತು. ಅನ್ನ ನೋಡುವ ಹಾಗೆ ಅವ್ವ ಐದೈದು ನಿಮಿಷಕ್ಕೊಮ್ಮೆ ಮುಚ್ಚಳ ತೆಗೆದು ನೋಡುತ್ತಿದ್ದಳು. ಒಳಗಿನ ಗುಳ್ಳೆಗಳ ಸುತ್ತ ಹಿಟ್ಟು ಬೆಂದು ಗಟ್ಟಿಯಾಗುವ ಮೊದಲು ಕಾವು ಹೋದರೆ ಗುಳ್ಳೆ ಇಳಿದುಬಿಡುತ್ತದೆ. ಎರಡನೆಯ ಸಲ ಪುಟ್ಟಿ ಕುಕ್ಕರಿನ ಮುಂದೆ, ಒಲೆಯಿಂದ ಎರಡು ಮಾರು ದೂರ, ಕುರ್ಚಿ ಹಾಕಿಕೊಂಡು ಕಾವಲು ಕೂತಳು. ನಲವತ್ತು ನಿಮಿಷ ಅವ್ವನೂ ಪಕ್ಕದಲ್ಲಿ ಕೂರಬೇಕಾಯಿತು. ‘ಸುಮ್ನೆ ಕಾಯೋದೂ ಒಂದು ಕೆಲಸ ಏನವ್ವಾ’ ಎಂದು ಗೊಣಗುತ್ತಲೇ ಕೂತಳು. ಆ ನಲವತ್ತು ನಿಮಿಷಗಳಲ್ಲಿ ಅಜ್ಜಿ ಮೊಮ್ಮಗಳು ಏನೇನು ಮಾತಾಡಿಕೊಂಡರೋ ನನಗೆ ತಿಳಿಯದು. ಹಜಾರದಲ್ಲಿ ಕೂತಿದ್ದ ನನಗೆ ಒಂದು ಮಾತು ಮಾತ್ರ ಕೇಳಿಸಿತು. ‘ಅಪ್ಪಗೂ ಒಂದು ಪೀಸ್ ಇಡಬೇಕಾ ಅಜ್ಜಿ?’ ಎಂದು ಪುಟ್ಟಿ ಕೇಳಿದಳು. ಸ್ವಲ್ಪ ಹೊತ್ತು ಬಿಟ್ಟು ಅವ್ವ ಹೇಳಿದಳು: ‘ಅಪ್ಪ ಇಲ್ಲಿ ಇರಲ್ಲ ಮಗಾ. ನಾವ್ ನಾಕು ಮಂದಿ ಅದೀವಿ. ನಾಕು ಪೀಸ್ ಮಾಡು, ದೊಡ್ಡವು ಮಾಡು.’

ಎರಡು ವರ್ಷದಲ್ಲಿ ಆ ವಿಷಯವನ್ನು ನಮ್ಮ ಮನೆಯಲ್ಲಿ ಯಾರೂ ಹಾಗೆ ಬಾಯಿಬಿಟ್ಟು ಹೇಳಿರಲಿಲ್ಲ.

ಈ ಸಲದ ಕೇಕು ಉಬ್ಬಿತು. ನಾಲ್ಕು ಪೀಸು ತೆಗೆದಿಟ್ಟ ಮೇಲೂ ಮಿಕ್ಕಿತು. ಮಿಕ್ಕಿದ್ದನ್ನು ಓಣಿಯ ಮೂರು ಮನೆಗೆ ಡಬ್ಬಿಯಲ್ಲಿ ಹಾಕಿ ಕೊಟ್ಟು ಬಂದಳು ಪುಟ್ಟಿ. ನಮ್ಮಲ್ಲಿ ಡಬ್ಬಿಯನ್ನು ಖಾಲಿ ವಾಪಸು ಕೊಡುವುದಿಲ್ಲವಲ್ಲ, ಒಬ್ಬರು ಉಪ್ಪಿನಕಾಯಿ, ಒಬ್ಬರು ಚಕ್ಕುಲಿ, ಒಬ್ಬರು ಬರೀ ಒಂದು ಹಿಡಿ ಸಕ್ಕರೆ ಹಾಕಿಕೊಂಡು ತಾವೇ ಬಂದರು. ಬಂದವರು ಕೂತರು. ಅವ್ವ ಎರಡು ವರ್ಷದಿಂದ ಯಾವುದಕ್ಕೆ ಹೆದರಿ ಹೊರಗೆ ಹೋಗುವುದನ್ನು ಬಿಟ್ಟಿದ್ದಳೋ ಆ ಪ್ರಶ್ನೆಯನ್ನು ಅವರಲ್ಲೊಬ್ಬರು ಕೇಳಿಯೇಬಿಟ್ಟರು. ‘ಮಗಳು ಇಲ್ಲೇ ಇರ್ತಾಳೇನ್ರಿ ಇನ್ಮುಂದೆ?’ ‘ಹೂಂನ್ರಿ, ಇಲ್ಲೇ ಇರ್ತಾಳೆ’ ಅಂದಳು ಅವ್ವ. ಅಷ್ಟೇ. ಕೇಳಿದವರು ‘ಕೇಕಿಗೆ ಮೊಟ್ಟೆ ಹಾಕಿಲ್ಲ ಹೌದಿಲ್ರಿ?’ ಎಂದು ಮುಂದಿನ ಪ್ರಶ್ನೆಗೆ ಹೋದರು. ಅವ್ವನ ಮುಖ ನೋಡುತ್ತಿದ್ದ ನನಗೆ, ಇಷ್ಟು ದಿನ ಹೊತ್ತ ಭಾರ ಇಷ್ಟು ಸಣ್ಣದೇ ಎಂದು ಅವಳಿಗೂ ಅನ್ನಿಸಿದ ಹಾಗೆ ಕಂಡಿತು. ಎಲ್ಲ ಓಣಿಯಲ್ಲೂ ಹೀಗೇ ಆಗುತ್ತದೆ ಎಂದು ನಾನು ಹೇಳಲಾರೆ. ಕೇಕು ಮಾಡಿದರೆ ಮನೆ ಸರಿಹೋಗುತ್ತದೆ ಎಂದೂ ಅಲ್ಲ. ಅಕ್ಕನ ಕೇಸು ಇನ್ನೂ ಕೋರ್ಟಿನಲ್ಲಿದೆ. ಪುಟ್ಟಿ ಕೆಲವು ರಾತ್ರಿ ಈಗಲೂ ಅಳುತ್ತಾಳೆ.

ರಜೆ ಮುಗಿಯುವ ಮೊದಲ ಭಾನುವಾರ ಅವ್ವನೇ ‘ದೋಸೆ ತಿಂದು ಬರಾನ ನಡೀರಿ’ ಅಂದಳು. ಹೋದೆವು. ಸಪ್ಲೈಯರ್ ಒಳಗಿನ ಕಡೆ ಕೈ ತೋರಿಸಿದ. ಪುಟ್ಟಿಗೆ ಕಾವಲಿ ನೋಡಬೇಕಿತ್ತು, ಅದಕ್ಕೇ ನಾವು ಹೊರಗಿನ ಬೆಂಚಿನಲ್ಲೇ ಕೂತೆವು. ಕಟ್ಟಿಗೆ ಒಲೆಯ ಮೇಲಿನ ಆ ದೊಡ್ಡ ಕಾವಲಿಗೆ ನೀರು ಚಿಮುಕಿಸಿ, ಪೊರಕೆಯಲ್ಲಿ ಬಳಿದು, ಸಾಲಾಗಿ ಹಿಟ್ಟು ಹುಯ್ದು, ಒಂದೊಂದಕ್ಕೂ ಬೆಣ್ಣೆ ಹಾಕುವುದನ್ನು ಅವ್ವ ಕಣ್ಣು ಮಿಟುಕಿಸದೆ ನೋಡುತ್ತಿದ್ದಳು. ಅರವತ್ತೆರಡು ವರ್ಷದ ಅವಳಿಗೆ ಇಲ್ಲಿ ಕೂತು ತಿನ್ನುವುದು ಇದೇ ಮೊದಲು. ತಟ್ಟೆ ಬಂದಾಗ ಒಂದು ತುದಿ ಮುರಿದು, ಅದರ ಸದ್ದಿಗೆ ನಕ್ಕು, ‘ನಿಮ್ಮಪ್ಪ ಇದನ್ನ ತಿಂತಿದ್ರು ನೋಡು’ ಅಂದಳು. ಅದರಲ್ಲಿ ಸಿಟ್ಟು ಎಷ್ಟಿತ್ತು, ಅಕ್ಕರೆ ಎಷ್ಟಿತ್ತು ಎಂದು ನನಗೆ ತಿಳಿಯಲಿಲ್ಲ.

ಹೋಟೆಲು ನಡೆಸುವವರಲ್ಲಿ ಈ ಬರಹ ಓದುವವರು ಯಾರಾದರೂ ಇದ್ದರೆ ಅವರಿಗೆ ಒಂದು ಮಾತು. ನಿಮ್ಮ ಫ್ಯಾಮಿಲಿ ರೂಮನ್ನು ಒಡೆಯಬೇಡಿ, ಅದು ಬೇಕಾದವರು ಇನ್ನೂ ಇದ್ದಾರೆ. ಅಲ್ಲಿಗೊಂದು ಒಳ್ಳೆಯ ಫ್ಯಾನು ಹಾಕಿಸಿ, ಬೇಸಿನ್ನಿನ ಮುಂದೆ ಮಕ್ಕಳಿಗೊಂದು ಮಣೆ ಇಡಿ. ಒಳಗೋ ಹೊರಗೋ ಎಂದು ಬಂದವರೇ ಆರಿಸಿಕೊಳ್ಳಲಿ. ಕೂತ ಮೇಲೆ ಎಷ್ಟು ಜನ ಎಂದು ಕೇಳಿ, ಅಷ್ಟು ಲೋಟ ನೀರು ತನ್ನಿ. ಯಾರ್ಯಾರು ಎಂದು ಕೇಳುವುದು ಬೇಡ.